ಮುಂಬೈಗೆ ಐದು ಜನ: ಟಿಕೆಟ್, ರೂಮು ಬಿಟ್ಟು ಇನ್ನೆಷ್ಟು ಇಟ್ಟುಕೊಳ್ಳಬೇಕು?

ಪ್ರಶ್ನೆ: ನಾವು ಮಂಡ್ಯದವರು. ದಸರಾ ರಜೆಯಲ್ಲಿ ನಾಲ್ಕು ದಿನ ಮುಂಬೈಗೆ ಹೊರಟಿದ್ದೇವೆ. ನಾನು, ಹೆಂಡತಿ, 11 ಮತ್ತು 6 ವರ್ಷದ ಇಬ್ಬರು ಮಕ್ಕಳು, ನಮ್ಮಮ್ಮ. ಶುಕ್ರವಾರ ಬೆಳಗ್ಗೆ 6 ಗಂಟೆಗೆ ಬೆಂಗಳೂರಿನಿಂದ ವಿಮಾನ. ಸೋಮವಾರ ರಾತ್ರಿ 9.30ಕ್ಕೆ ಮುಂಬೈನಿಂದ ವಾಪಸ್. ಅಂಧೇರಿಯಲ್ಲಿ ಒಂದು ರೂಮು ಬುಕ್ ಮಾಡಿದ್ದೇವೆ, ಅಮ್ಮ ಮಕ್ಕಳ ಜೊತೆ ಹೊಂದಿಕೊಳ್ಳುತ್ತಾರೆ. ವಿಮಾನಕ್ಕೆ 55 ಸಾವಿರ, ರೂಮಿಗೆ 13 ಸಾವಿರ ಆಗಿದೆ. ಊಟ, ಓಡಾಟ, ಎಂಟ್ರಿ ಟಿಕೆಟ್ ಎಲ್ಲಕ್ಕೂ ದಿನಕ್ಕೆ 5 ಸಾವಿರದಂತೆ 20 ಸಾವಿರ ಇಟ್ಟಿದ್ದೇವೆ. ಕೊನೆಯ ದಿನ ಎಲಿಫೆಂಟಾ ಗುಹೆ ನೋಡುವ ಪ್ಲಾನ್ ಇದೆ. ಹೋದ ವರ್ಷ ಹೈದರಾಬಾದಿಗೆ ಹೋದಾಗ ಅಂದುಕೊಂಡದ್ದಕ್ಕಿಂತ 17 ಸಾವಿರ ಜಾಸ್ತಿ ಖರ್ಚಾಯಿತು. ಎಲ್ಲಿ ಹೋಯಿತು ಅಂತ ಇವತ್ತಿಗೂ ಲೆಕ್ಕ ಸಿಕ್ಕಿಲ್ಲ. ಈ ಸಲ ಮೇಲುಖರ್ಚಿಗೆ ಅಂತ 5 ಸಾವಿರ ಇಟ್ಟರೆ ಸಾಕಾ?

ಉತ್ತರ: ಸಾಲದು. ನಿಮ್ಮ ಪ್ಲಾನ್ ಹೀಗೇ ಇದ್ದರೆ ನಾನು 28 ಸಾವಿರ ಇಡುತ್ತೇನೆ. ಗಾಬರಿ ಆಗಬೇಡಿ. ಅದರಲ್ಲಿ 20 ಸಾವಿರ ಎಲ್ಲಿ ಹೋಗುತ್ತದೆ ಅಂತ ಈಗಲೇ ಹೇಳಬಹುದು. ನಿಜವಾಗಿ ಗೊತ್ತಿಲ್ಲದ ಖರ್ಚು ಅಂತ ಇರುವುದು 8 ಸಾವಿರ ಮಾತ್ರ.

ಜನ ಬಜೆಟ್ ಹಾಕುವಾಗ ವಿಮಾನ, ರೂಮು, ಊಟ ಅಂತ ಸಾಲಾಗಿ ಬರೆಯುತ್ತಾರೆ. ದುಡ್ಡು ಸೋರುವುದು ಈ ಸಾಲುಗಳಲ್ಲಿ ಅಲ್ಲ. ಒಂದು ಬುಕಿಂಗ್ ಮುಗಿದು ಇನ್ನೊಂದು ಶುರುವಾಗುವ ನಡುವೆ ಒಂದು ಸಂದು ಇರುತ್ತದಲ್ಲ, ಅಲ್ಲಿ. ಮನೆ ಬಾಗಿಲಿನಿಂದ ಏರ್‌ಪೋರ್ಟಿನ ತನಕ. ವಿಮಾನ ಇಳಿದ ಹೊತ್ತಿನಿಂದ ರೂಮಿನ ಬೀಗದ ಕೈ ಸಿಗುವ ತನಕ. ರೂಮು ಖಾಲಿ ಮಾಡಿದ ಮೇಲೆ ವಿಮಾನ ಹತ್ತುವ ತನಕ. ಮೈಸೂರಿನಲ್ಲಿ ಕೂತು ನಾನು ಜನರಿಗೆ ಪ್ರವಾಸದ ಲೆಕ್ಕ ಹಾಕಿಕೊಡುವಾಗ ಮೊದಲು ಕೇಳುವುದು ದುಡ್ಡಿನ ವಿಚಾರ ಅಲ್ಲ, ಗಂಟೆ ಎಷ್ಟು ಅಂತ. ನಿಮ್ಮ ಗಂಟೆಗಳನ್ನೇ ನೋಡೋಣ.

ಬೆಳಗ್ಗೆ 6ರ ವಿಮಾನಕ್ಕೆ ನಾಲ್ಕು ಗಂಟೆಗೆಲ್ಲ ದೇವನಹಳ್ಳಿಯಲ್ಲಿ ಇರಬೇಕು. ಮಂಡ್ಯದಿಂದ ಸುಮಾರು 135 ಕಿ.ಮೀ. ಅಂದರೆ ಮನೆ ಬಿಡುವುದು ರಾತ್ರಿ ಒಂದಕ್ಕೆ. ವಾಪಸ್ ಬರುವಾಗ ವಿಮಾನ ಇಳಿಯುವುದೇ ಹನ್ನೊಂದು ಕಾಲರ ಮೇಲೆ. ಬ್ಯಾಗು ತಗೊಂಡು ಹೊರಗೆ ಬಂದು ಮಂಡ್ಯ ಸೇರುವಾಗ ಬೆಳಗಿನ ಜಾವ. ಎರಡೂ ಕಡೆ ಕಾರು ಬೇಕು, ಎರಡೂ ರಾತ್ರಿ ಹೊತ್ತು. ನೀವು ಕಳಿಸಿದ ಲೆಕ್ಕದಲ್ಲಿ ಇದು ಎಲ್ಲೂ ಇಲ್ಲ. ಮುಂಬೈ ಖರ್ಚು ಅಂತ ಯೋಚನೆ ಮಾಡಿದ್ದೀರಿ, ಮಂಡ್ಯದ ಖರ್ಚು ಮರೆತಿದ್ದೀರಿ.

ನಮ್ಮ ಕಡೆ ಟ್ಯಾಕ್ಸಿಯವರು ಬಿಟ್ಟು ಖಾಲಿ ವಾಪಸ್ ಬರುವ ದಾರಿಯನ್ನೂ ಸೇರಿಸಿಯೇ ದುಡ್ಡು ಕೇಳುತ್ತಾರೆ. 270 ಕಿ.ಮೀ. ಅಂದುಕೊಳ್ಳಿ. ಐದು ಜನ, ಲಗೇಜು ಅಂದರೆ ದೊಡ್ಡ ಕಾರೇ ಬೇಕು. ಕಿಲೋಮೀಟರಿಗೆ 16 ರೂಪಾಯಿ ಹಿಡಿದರೂ 4,320 ರೂಪಾಯಿ. ಅದರ ಮೇಲೆ ಎಕ್ಸ್‌ಪ್ರೆಸ್‌ವೇ ಟೋಲು, ಏರ್‌ಪೋರ್ಟ್ ರಸ್ತೆಯ ಸಾದಹಳ್ಳಿ ಟೋಲು, ಡ್ರೈವರಿಗೆ ರಾತ್ರಿ ಬಾಟಾ. ಒಂದು ಕಡೆಗೆ 5 ಸಾವಿರ, ಹೋಗಿ ಬರಲು 10 ಸಾವಿರ. ಮೈಸೂರಿನಿಂದ ಏರ್‌ಪೋರ್ಟಿಗೆ ಬರುವ ಕೆಎಸ್‌ಆರ್‌ಟಿಸಿ ಫ್ಲೈಬಸ್ ಇದೆಯಲ್ಲ ಅನ್ನಬಹುದು. ಒಬ್ಬರೋ ಇಬ್ಬರೋ ಹೋಗುವುದಾದರೆ ಅದೇ ಸರಿ. ಐದು ಟಿಕೆಟ್ ಕೂಡಿಸಿ, ರಾತ್ರಿ ಮನೆಯಿಂದ ಬಸ್ಸಿನ ತನಕ ಆಟೋ ಸೇರಿಸಿ ನೋಡಿ. ಉಳಿಯುವುದು ಅಂದುಕೊಂಡಷ್ಟು ಇರುವುದಿಲ್ಲ. ಅಲ್ಲದೆ ದಸರಾ ದಿನಗಳಲ್ಲಿ ಬೆಂಗಳೂರು-ಮೈಸೂರು ರಸ್ತೆ ಹೇಗಿರುತ್ತದೆ ಅಂತ ಮಂಡ್ಯದವರಿಗೆ ನಾನು ಹೇಳಬೇಕಾ? ಕಾರನ್ನು ಈಗಲೇ ಮಾತಾಡಿಕೊಳ್ಳಿ. ಹಬ್ಬದ ವಾರ ಹತ್ತಿರ ಬಂದ ಹಾಗೆ ರೇಟು ಏರುತ್ತದೆ.

ಮುಂಬೈನಲ್ಲಿ ಇಳಿಯುವುದು ಎಂಟರ ಸುಮಾರಿಗೆ. ಇಲ್ಲಿ ಒಂದು ವಿಷಯ ನೋಡಿಕೊಳ್ಳಿ. ಮುಂಬೈಗೆ ಈಗ ಎರಡು ಏರ್‌ಪೋರ್ಟ್. ಹಳೆಯದು ಅಂಧೇರಿ ಪಕ್ಕದಲ್ಲೇ ಇದೆ. ನವಿ ಮುಂಬೈ ಏರ್‌ಪೋರ್ಟ್ 2025ರ ಡಿಸೆಂಬರ್ 25ರಿಂದ ಶುರುವಾಗಿದೆ, ಅದು ಪನ್ವೇಲ್ ಕಡೆ. ಟಿಕೆಟ್ ಮೇಲೆ ಬಿಒಎಂ ಅಂತ ಇದ್ದರೆ ಹಳೆಯದು, ಎನ್‌ಎಂಐ ಅಂತ ಇದ್ದರೆ ಹೊಸದು. ಹೊಸದಕ್ಕೆ ಟಿಕೆಟ್ ಸಾವಿರ ರೂಪಾಯಿ ಕಮ್ಮಿ ಕಂಡರೂ ಅಂಧೇರಿಗೆ ಬರುವ ಟ್ಯಾಕ್ಸಿಯಲ್ಲೇ ಆ ಉಳಿತಾಯ ಕರಗುತ್ತದೆ. ದಕ್ಷಿಣ ಮುಂಬೈ ಕಡೆ ಹೋಗುವವರು ಸಮುದ್ರದ ಮೇಲಿನ ಅಟಲ್ ಸೇತು ಹತ್ತಿದರೆ ಕಾರಿಗೆ ಒಂದು ಕಡೆಗೇ 250 ರೂಪಾಯಿ ಟೋಲು. ನಿಮ್ಮದು ಯಾವುದು ಅಂತ ಬರೆದಿಲ್ಲ. ಮೊದಲು ಅದನ್ನು ನೋಡಿ.

ಬಿಒಎಂ ಅಂತಲೇ ಇಟ್ಟುಕೊಳ್ಳೋಣ. ಒಂಬತ್ತಕ್ಕೆ ಹೋಟೆಲ್ ಮುಂದೆ ನಿಂತಿರುತ್ತೀರಿ. ಚೆಕ್-ಇನ್ ಮಧ್ಯಾಹ್ನ 12ಕ್ಕೋ 2ಕ್ಕೋ. ಮಕ್ಕಳಿಗೆ ರಾತ್ರಿ ನಿದ್ದೆ ಆಗಿಲ್ಲ, ಅಮ್ಮನಿಗೆ ಸೊಂಟ ನೋವು. ರಿಸೆಪ್ಷನ್‌ನಲ್ಲಿರುವ ಹುಡುಗ ಮುಖ ನೋಡಿಯೇ ‘ಅರ್ಲಿ ಚೆಕ್-ಇನ್ ಕೊಡ್ತೀನಿ ಸಾರ್, ಅರ್ಧ ದಿನದ ಚಾರ್ಜು’ ಅನ್ನುತ್ತಾನೆ. ಆ ಹೊತ್ತಿಗೆ ಯಾರಾದರೂ ಹೂಂ ಅನ್ನುತ್ತಾರೆ. ಹಿಂದಿನ ದಿನವೇ ಫೋನ್ ಮಾಡಿ ರೂಮು ಖಾಲಿ ಇದ್ದರೆ ಬೇಗ ಕೊಡಿ ಅಂತ ಕೇಳಿದರೆ ಎಷ್ಟೋ ಹೋಟೆಲಿನವರು ಸುಮ್ನೆ ಕೊಡುತ್ತಾರೆ. ಕೊಡದಿದ್ದರೂ ಬ್ಯಾಗು ಇಟ್ಟುಕೊಳ್ಳುತ್ತಾರೆ. ಮುಖ ತೊಳೆದು, ತಿಂಡಿ ತಿಂದು, ಹತ್ತಿರದ್ದೇ ಏನಾದರೂ ನೋಡಿ ಬರಬಹುದು.

ಇನ್ನು ಅಮ್ಮನ ವಿಷಯ. ಬುಕ್ ಮಾಡುವಾಗ ಎಷ್ಟು ಜನ ಅಂತ ಹಾಕಿದ್ದೀರಿ? ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು ಅಂತ ಹಾಕಿದ್ದರೆ ಅಮ್ಮ ಆ ರೂಮಿನ ಲೆಕ್ಕದಲ್ಲೇ ಇಲ್ಲ. ಹೋಟೆಲಿನಲ್ಲಿ ಎಲ್ಲರ ಆಧಾರ್ ಕೇಳುತ್ತಾರೆ, ಆಗ ಐದನೆಯವರು ಗೊತ್ತಾಗಿಯೇ ಆಗುತ್ತದೆ. ಎಕ್ಸ್‌ಟ್ರಾ ಬೆಡ್ ತಗೊಳ್ಳಿ, ಇಲ್ಲವೇ ಇನ್ನೊಂದು ರೂಮು ತಗೊಳ್ಳಿ ಅನ್ನುತ್ತಾರೆ. ಬೆಡ್ ಅಂದರೆ ನೆಲದ ಮೇಲೆ ಒಂದು ಹಾಸಿಗೆ, ಅಷ್ಟೇ. ದಿನಕ್ಕೆ ಸಾವಿರ ಹಿಡಿದರೂ ಮೂರು ರಾತ್ರಿಗೆ 3 ಸಾವಿರ. ಎರಡನೇ ರೂಮು ಅಂದರೆ ಇನ್ನೊಂದು 13 ಸಾವಿರ, ಅದೂ ದಸರಾ ರಶ್ಶಿನಲ್ಲಿ ಸಿಕ್ಕರೆ. ನಾನು ಹಾಸಿಗೆಯ ಲೆಕ್ಕ ಹಿಡಿದಿದ್ದೇನೆ. ಅಮ್ಮನಿಗೆ ಮಂಚ ಬಿಟ್ಟುಕೊಟ್ಟು ನೀವು ಕೆಳಗೆ ಮಲಗಿ. ತೆರಿಗೆಯನ್ನೂ ನೋಡಿ: 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿ ತನಕದ ರೂಮಿಗೆ ಜಿಎಸ್‌ಟಿ 5%, ಅದಕ್ಕಿಂತ ದುಬಾರಿ ರೂಮಿಗೆ 18%. ನೀವು ಕಟ್ಟಿರುವುದರಲ್ಲಿ ಅದು ಸೇರಿದೆಯಾ ಅಂತ ಬಿಲ್ಲಿನಲ್ಲೇ ಇರುತ್ತದೆ.

ಈಗ ನಿಮ್ಮ ಹೈದರಾಬಾದಿನ ಗುಟ್ಟಿಗೆ ಬರೋಣ. ಆಗಲೂ ಐದೇ ಜನ ಹೋಗಿದ್ದರೆ, ಆ 17 ಸಾವಿರದ ಒಳ್ಳೇ ಪಾಲು ಐದನೆಯವರ ಹೆಸರಿನಲ್ಲೇ ಹೋಗಿರುತ್ತದೆ. ಟ್ಯಾಕ್ಸಿಯಲ್ಲಿ ನಾಲ್ಕು ಜನ, ಆಟೋದಲ್ಲಿ ಮೂರು ಜನ. ಐದು ಜನ ಅಂದರೆ ಎಲ್ಲಿಗೆ ಹೋದರೂ ಎರಡು ಗಾಡಿ. ಮಂಡ್ಯದಲ್ಲಾದರೆ ಮಗೂನ ತೊಡೆ ಮೇಲೆ ಕೂರಿಸಿಕೊಂಡು ಆಟೋದಲ್ಲಿ ಐದು ಜನ ಹೋಗಿಬಿಡುತ್ತೇವೆ, ಯಾರೂ ಕೇಳುವುದಿಲ್ಲ. ಮುಂಬೈ ಡ್ರೈವರುಗಳು ಒಪ್ಪುವುದು ಕಷ್ಟ. ಆಪ್‌ನಲ್ಲಿ ಆರು ಸೀಟಿನ ಗಾಡಿ ಸಿಗುತ್ತದೆ, ಆದರೆ ರೇಟು ಬೇರೆ. ಅಲ್ಲದೆ 2025ರ ಜುಲೈನಲ್ಲಿ ಬಂದ ಕೇಂದ್ರದ ಮಾರ್ಗಸೂಚಿಯ ಪ್ರಕಾರ ರಶ್ ಹೊತ್ತಿನಲ್ಲಿ ಆಪ್ ಕಂಪನಿಗಳು ಮೂಲ ದರದ ಎರಡು ಪಟ್ಟು ತನಕ ಕೇಳಬಹುದು. ಮಳೆ ಬಂದರೆ, ಸಂಜೆ ಆರಾದರೆ, ನವರಾತ್ರಿಯ ರಾತ್ರಿಯಾದರೆ ರೇಟು ಏರುತ್ತದೆ.

ಲೆಕ್ಕ ಹಾಕಿ ತೋರಿಸುತ್ತೇನೆ. ಕಪ್ಪು-ಹಳದಿ ಟ್ಯಾಕ್ಸಿಗೆ 2025ರ ಫೆಬ್ರುವರಿಯಿಂದ ಮೊದಲ ಒಂದೂವರೆ ಕಿಲೋಮೀಟರಿಗೆ 31 ರೂಪಾಯಿ, ಆಮೇಲೆ ಕಿಲೋಮೀಟರಿಗೆ ಹತ್ತಿರ ಹತ್ತಿರ 21 ರೂಪಾಯಿ. ಅಂಧೇರಿಯಿಂದ ಗೇಟ್‌ವೇ ಆಫ್ ಇಂಡಿಯಾಗೆ ಸುಮಾರು 28 ಕಿ.ಮೀ. ಒಂದು ಟ್ಯಾಕ್ಸಿಗೆ 580 ರೂಪಾಯಿ ಆಯಿತು. ಎರಡು ಟ್ಯಾಕ್ಸಿ, ಹೋಗಿ ಬರುವುದು, 2,300 ದಾಟುತ್ತದೆ. ಬಾಂದ್ರಾ-ವರ್ಲಿ ಸೀ ಲಿಂಕ್ ಮೇಲೆ ಹೋದರೆ ಒಂದು ಕಡೆಗೆ ತಲಾ 100 ರೂಪಾಯಿ ಟೋಲು, ಅದೂ ಎರಡು ಗಾಡಿಗೆ. ದಿನದ ಬಜೆಟ್ 5 ಸಾವಿರದಲ್ಲಿ ಅರ್ಧ ರಸ್ತೆಯಲ್ಲೇ ಹೋಯಿತು. ಅಂಧೇರಿಯಲ್ಲಿ ರೂಮು ಸೋವಿ ಅಂತ ತಗೊಳ್ಳುವವರು ನೋಡುವ ಜಾಗಗಳೆಲ್ಲ ಆ ತುದಿಯಲ್ಲಿವೆ ಅನ್ನುವುದನ್ನು ಮರೆಯುತ್ತಾರೆ.

ಆದರೆ ನಿಮ್ಮ ರೂಮು ಕ್ಯಾನ್ಸಲ್ ಮಾಡಿ ಅಂತ ಹೇಳುವುದಿಲ್ಲ. ಈಗ ಮೆಟ್ರೋ ಇದೆ. ಮೆಟ್ರೋ 3, ಅಕ್ವಾ ಲೈನ್, 2025ರ ಅಕ್ಟೋಬರ್‌ನಲ್ಲಿ ಕಫ್ ಪರೇಡ್ ತನಕ ಪೂರ್ತಿ ತೆರೆಯಿತು. 33.5 ಕಿ.ಮೀ., 27 ಸ್ಟೇಷನ್. ಏರ್‌ಪೋರ್ಟಿನ ಎರಡೂ ಟರ್ಮಿನಲ್, ದಾದರ್, ಸಿದ್ಧಿವಿನಾಯಕ, ಸಿಎಸ್‌ಎಂಟಿ, ಚರ್ಚ್‌ಗೇಟ್ ಎಲ್ಲ ಇದರ ಮೇಲೇ ಬರುತ್ತವೆ. ಟಿಕೆಟ್ ಜಾಸ್ತಿ ಅಂದರೂ 70 ರೂಪಾಯಿ. ಅಂಧೇರಿಯಲ್ಲಿ ಮೆಟ್ರೋ 1 ಹತ್ತಿ ಮರೋಳ್ ನಾಕಾದಲ್ಲಿ ಇಳಿದು ಇದಕ್ಕೆ ಬದಲಾಯಿಸಿಕೊಳ್ಳಿ. ಗೇಟ್‌ವೇಗೆ ಹುತಾತ್ಮಾ ಚೌಕ್‌ನಲ್ಲಿ ಇಳಿದರೆ ಆಯಿತು. ತಲೆಗೆ 100 ರೂಪಾಯಿ ಒಳಗೆ ಮುಗಿಯುತ್ತದೆ. ಐದು ಜನ ಹೋಗಿ ಬಂದರೂ ಸಾವಿರ ದಾಟುವುದಿಲ್ಲ, ಎಸಿ, ಟ್ರಾಫಿಕ್ ಇಲ್ಲ. ಅಕ್ಟೋಬರ್ ಬಿಸಿಲಿನಲ್ಲಿ ಅಮ್ಮನಿಗೂ ಇದೇ ವಾಸಿ. ಕೊನೆಯ ಒಂದು ಕಿಲೋಮೀಟರಿಗೆ ಬೇಕಾದರೆ ಎರಡು ಟ್ಯಾಕ್ಸಿ ಹಿಡಿಯಿರಿ, ಮೀಟರಿನ ಮೊದಲ 31 ರೂಪಾಯಿಯಲ್ಲೇ ಮುಗಿಯುತ್ತದೆ. ಒಂದು ನೆನಪಿಡಿ, ಬಾಂದ್ರಾ ಮತ್ತು ಸಾಯನ್ ದಾಟಿ ದಕ್ಷಿಣಕ್ಕೆ ಆಟೋ ಬಿಡುವುದಿಲ್ಲ. ‘ಅಲ್ಲಿ ತನಕ ಬಿಟ್ಟು, ಆಮೇಲೆ ಟ್ಯಾಕ್ಸಿ ಹತ್ತಿಸ್ತೀನಿ’ ಅನ್ನುವವರ ಜೊತೆ ಹೋಗಬೇಡಿ.

ಲೋಕಲ್ ಟ್ರೈನ್ ಸೋವಿ. ಮಕ್ಕಳಿಗೆ ತೋರಿಸಲೇಬೇಕು ಅನಿಸಿದರೆ ಭಾನುವಾರ ಮಧ್ಯಾಹ್ನ ಒಂದು ಸಲ ಹತ್ತಿ. ಕೆಲಸದ ದಿನ ಬೆಳಗ್ಗೆ, ಸಂಜೆ ಬೇಡವೇ ಬೇಡ. ಎಲ್ಲ ಬೋಗಿ ತುಂಬಿದ್ದು ಒಂದು ಮಾತ್ರ ಖಾಲಿ ಕಂಡರೆ ಖುಷಿಯಾಗಿ ಹತ್ತಬೇಡಿ, ಅದು ಫಸ್ಟ್ ಕ್ಲಾಸ್ ಇರುತ್ತದೆ. ಸೆಕೆಂಡ್ ಕ್ಲಾಸ್ ಟಿಕೆಟ್ ಇಟ್ಟುಕೊಂಡು ಅದರಲ್ಲಿ ಸಿಕ್ಕಿಬಿದ್ದರೆ ಒಬ್ಬೊಬ್ಬರಿಗೂ ದಂಡ.

ಊಟದ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಮಾಟುಂಗಾ ಕಡೆ ಹೋದರೆ ಉಡುಪಿ ಹೋಟೆಲುಗಳಿವೆ, ಅಮ್ಮನಿಗೂ ಹಿಡಿಸುತ್ತದೆ, ಜೇಬಿಗೂ ಹಗುರ. ದೊಡ್ಡ ಹೋಟೆಲಿನಲ್ಲಿ ತಿಂದರೆ ಬಿಲ್ಲಿನ ಕೆಳಗೆ ನೋಡಿ. ಜಿಎಸ್‌ಟಿ, ಸಾಮಾನ್ಯವಾಗಿ 5%, ಕಟ್ಟಲೇಬೇಕು. ‘ಸರ್ವಿಸ್ ಚಾರ್ಜ್’ ಅಂತ ಇದ್ದರೆ ಅದು ತೆರಿಗೆ ಅಲ್ಲ, ಕಟ್ಟಲೇಬೇಕು ಅಂತ ಇಲ್ಲ. 2022ರ ಜುಲೈನಲ್ಲಿ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇದನ್ನು ಹೇಳಿತ್ತು, 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟ್ ಎತ್ತಿಹಿಡಿಯಿತು. ತೆಗೆಯಿರಿ ಅಂತ ಮೆತ್ತಗೆ ಹೇಳಿ. ಒಪ್ಪದಿದ್ದರೆ 1915ಕ್ಕೆ ಫೋನ್ ಮಾಡುತ್ತೇನೆ ಅನ್ನಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ನೀರು ಮನೆಯಿಂದ ತಂದ ಬಾಟಲಿಗಳಲ್ಲಿ ತುಂಬಿಕೊಳ್ಳಿ, ಏರ್‌ಪೋರ್ಟಿನ ಒಳಗೆ ಸುಮ್ನೆ ಸಿಗುತ್ತದೆ. ಸ್ಟೇಷನ್ನಿನಲ್ಲಿ ರೈಲ್ ನೀರ್ ಲೀಟರಿಗೆ 14 ರೂಪಾಯಿ. ಪ್ರವಾಸಿ ಜಾಗದಲ್ಲಿ ಐದು ಜನಕ್ಕೆ ಬಾಟಲಿ ಕೊಳ್ಳುತ್ತಾ ಹೋದರೆ ದಿನಕ್ಕೆ ಇನ್ನೂರು ಮುನ್ನೂರು ಎಲ್ಲಿ ಹೋಯಿತು ಅಂತಲೇ ಗೊತ್ತಾಗುವುದಿಲ್ಲ.

ಎಲಿಫೆಂಟಾ. ನಿಮ್ಮ ಕೊನೆಯ ದಿನ ಸೋಮವಾರ, ಅವತ್ತು ಎಲಿಫೆಂಟಾಗೆ ರಜೆ! ಮೈಸೂರು ಝೂಗೆ ಮಂಗಳವಾರ ರಜೆ ಅಂತ ನಮಗೆ ಗೊತ್ತಿರುವ ಹಾಗೆ ಅಲ್ಲಿಯವರಿಗೆ ಇದು ಗೊತ್ತು. ಬೊರಿವಲಿಯ ನ್ಯಾಷನಲ್ ಪಾರ್ಕ್, ಅದರೊಳಗಿನ ಕಾನ್ಹೇರಿ ಗುಹೆಗಳಿಗೂ ಸೋಮವಾರವೇ ರಜೆ. ಎಲಿಫೆಂಟಾವನ್ನು ಶನಿವಾರಕ್ಕೆ ಹಾಕಿ. ಎಂಟ್ರಿ ದೊಡ್ಡವರಿಗೆ 40 ರೂಪಾಯಿ, 15 ವರ್ಷದ ಒಳಗಿನ ಮಕ್ಕಳಿಗೆ ಇಲ್ಲ. ಇಷ್ಟೇ ಅಲ್ವಾ ಅನಿಸುತ್ತದೆ. ಆದರೆ ಅಲ್ಲಿ ಖರ್ಚು ಬರುವುದು ಚಿಲ್ಲರೆ ಚಿಲ್ಲರೆಯಾಗಿ. ಗೇಟ್‌ವೇಯಿಂದ ದೋಣಿ ಟಿಕೆಟ್, ಗಾಳಿ ಚೆನ್ನಾಗಿದೆ ಅಂತ ಮಕ್ಕಳು ಮೇಲೆ ಹತ್ತಿದರೆ ಮೇಲಿನ ಡೆಕ್ಕಿಗೆ ಬೇರೆ. ಒಂದು ಗಂಟೆ ಸಮುದ್ರ. ಇಳಿದ ಮೇಲೆ ಪಂಚಾಯ್ತಿ ತೆರಿಗೆ, ದಡದಿಂದ ಮೆಟ್ಟಿಲ ತನಕ ಪುಟ್ಟ ರೈಲು. ಆಮೇಲೆ ನೂರಿಪ್ಪತ್ತರಷ್ಟು ಮೆಟ್ಟಿಲು, ಎರಡೂ ಕಡೆ ಅಂಗಡಿ. ಮೆಟ್ಟಿಲ ಬುಡದಲ್ಲಿ ಕುರ್ಚಿ ಹೊರುವವರು ಕಾಯುತ್ತಿರುತ್ತಾರೆ. ಅಮ್ಮ ನಾಲ್ಕು ಮೆಟ್ಟಿಲು ಹತ್ತಿ ಮಂಡಿ ಹಿಡಿದುಕೊಂಡರೆ ಸಾಕು, ಅವರು ಪಕ್ಕಕ್ಕೆ ಬರುತ್ತಾರೆ. ಹತ್ತಿಸಲು ಇಷ್ಟು, ಇಳಿಸಲು ಇಷ್ಟು, ಕಾಯಲು ಇಷ್ಟು ಅಂತ ಮೇಲೆ ಹೋದ ಮೇಲೆ ಮಾತು ಶುರುವಾಗದ ಹಾಗೆ ಕೆಳಗೇ ಎಲ್ಲ ಸೇರಿಸಿ ಒಂದು ರೇಟು ಮಾತಾಡಿ. ನನ್ನ ಪ್ರಕಾರ ಅಮ್ಮನಿಗೆ ಮಂಡಿ ನೋವಿದ್ದರೆ ಈ ದುಡ್ಡು ದಂಡ ಅಲ್ಲ, ಖುಷಿಯಾಗಿ ಕೊಡಿ.

ಸಿದ್ಧಿವಿನಾಯಕಕ್ಕೆ ಹೋಗುವಾಗ ‘ಚಪ್ಪಲಿ ಇಲ್ಲೇ ಬಿಡಿ, ಫ್ರೀ’ ಅನ್ನುವ ಹೂವಿನ ಅಂಗಡಿಯಲ್ಲಿ ಚಪ್ಪಲಿ ಫ್ರೀ, ಪೂಜೆಯ ತಟ್ಟೆ ಅಲ್ಲ. ಚಾಮುಂಡಿ ಬೆಟ್ಟ ನೋಡಿದವರಿಗೆ ಇದು ಹೊಸದೇನಲ್ಲ. ಟ್ಯಾಕ್ಸಿಯವನು ‘ಒಂದು ಅಂಗಡಿ ಸುಮ್ನೆ ನೋಡಿ ಹೋಗಿ’ ಅಂದರೂ ಅಷ್ಟೇ. ಮೈಸೂರಿಗೆ ಬಂದವರನ್ನು ರೇಷ್ಮೆ ಅಂಗಡಿಗೆ ಯಾಕೆ ಕರೆದುಕೊಂಡು ಹೋಗುತ್ತಾರೆ ಅಂತ ನಮಗೆ ಗೊತ್ತಲ್ಲ.

ವಿಮಾನದ ಬಗ್ಗೆ ಮೂರು ಮಾತು. ವೆಬ್ ಚೆಕ್-ಇನ್ ಮಾಡುವಾಗ ಸೀಟಿಗೆ ದುಡ್ಡು ಕೇಳುತ್ತದೆ. 12 ವರ್ಷದ ತನಕದ ಮಕ್ಕಳನ್ನು, ಒಂದೇ ಪಿಎನ್‌ಆರ್‌ನಲ್ಲಿ (ಬುಕಿಂಗ್ ನಂಬರಿನಲ್ಲಿ) ಇರುವ ಅಪ್ಪನದ್ದೋ ಅಮ್ಮನದ್ದೋ ಪಕ್ಕದಲ್ಲಿ ಕೂರಿಸಬೇಕು ಅಂತ ವಿಮಾನಯಾನ ನಿಯಂತ್ರಕ ಡಿಜಿಸಿಎ 2024ರಲ್ಲೇ ಹೇಳಿದೆ. ಮಕ್ಕಳು ಬೇರೆ ಆಗುತ್ತಾರೆ ಅಂತ ಹೆದರಿ ಐದು ಸೀಟಿಗೂ ದುಡ್ಡು ಕಟ್ಟಬೇಡಿ. ಎರಡನೆಯದು ತೂಕ. ನಿಮ್ಮ ಟಿಕೆಟ್ಟಿನಲ್ಲಿ ಚೆಕ್-ಇನ್ ಬ್ಯಾಗ್ ಸೇರಿದೆಯಾ ನೋಡಿ, ತುಂಬಾ ಕಮ್ಮಿ ರೇಟಿನ ಕೆಲವು ಟಿಕೆಟ್‌ಗಳಲ್ಲಿ ಇರುವುದಿಲ್ಲ. ಇದ್ದರೆ ಸಾಮಾನ್ಯವಾಗಿ ತಲಾ 15 ಕಿಲೋ, ಕೈಯಲ್ಲಿ 7 ಕಿಲೋ. ಮುಂಬೈ ನೆಂಟರಿಗೆ ಅಂತ ರಾಗಿ ಹಿಟ್ಟು, ಬೆಲ್ಲ ತುಂಬಿಕೊಂಡು ಹೋದರೆ ಕೌಂಟರಿನಲ್ಲಿ ಕಿಲೋ ಲೆಕ್ಕದಲ್ಲಿ ಕೀಳುತ್ತಾರೆ, ಆ ಬೆಲ್ಲ ಮುಂಬೈನಲ್ಲೇ ಕೊಂಡುಕೊಟ್ಟರೂ ಸೋವಿ ಆಗುತ್ತಿತ್ತು ಅನಿಸುತ್ತದೆ. ಒಣಕೊಬ್ಬರಿಯಂತೂ ಹಾಕಲೇಬೇಡಿ, ಬೇಗ ಬೆಂಕಿ ಹತ್ತುತ್ತದೆ ಅಂತ ವಿಮಾನದವರು ತೆಗೆಸುತ್ತಾರೆ. ಇನ್ನೊಂದು, ಆಪ್‌ಗಳಲ್ಲಿ ಇನ್ಶೂರೆನ್ಸು, ದೇಣಿಗೆ ಅಂತ ಮೊದಲೇ ಟಿಕ್ ಹಾಕಿಟ್ಟಿರುತ್ತಾರೆ. ಹೀಗೆ ಕೇಳದೆ ಸೇರಿಸುವುದನ್ನು 2023ರ ನವೆಂಬರ್‌ನ ನಿಯಮ ನಿಷೇಧಿಸಿದೆ, ಆದರೂ ದುಡ್ಡು ಕಟ್ಟುವ ಮುಂಚೆ ಒಂದು ಸಲ ಕಣ್ಣಾಡಿಸಿ.

ಕೊನೆಯ ದಿನವೇ ಅತಿ ದುಬಾರಿ. ಹನ್ನೊಂದಕ್ಕೆ ರೂಮು ಖಾಲಿ, ರಾತ್ರಿ ಒಂಬತ್ತೂವರೆಗೆ ವಿಮಾನ. ಮನೆ ಇಲ್ಲ, ಮಠ ಇಲ್ಲ, ಐದು ಜನ, ಹತ್ತು ಗಂಟೆ. ಇಂಥ ಹೊತ್ತಿನಲ್ಲಿ ಕೂರುವುದಕ್ಕೂ ದುಡ್ಡು ಕೊಡಬೇಕಾಗುತ್ತದೆ: ಮಾಲ್, ಎಸಿ ಹೋಟೆಲ್, ಮಕ್ಕಳ ಗೇಮ್ ಝೋನ್, ಏರ್‌ಪೋರ್ಟ್ ಕಾಫಿ. ಬ್ಯಾಗು ಹೋಟೆಲಿನಲ್ಲೇ ಬಿಟ್ಟು ಹತ್ತಿರದ ಜುಹೂ ಬೀಚಿಗೆ ಸಂಜೆ ಹೋಗಿ ಬನ್ನಿ. ಮಧ್ಯಾಹ್ನ ಅಮ್ಮನಿಗೆ ಮಲಗಬೇಕು ಅನಿಸಿದರೆ ರೂಮು ಸಂಜೆ ತನಕ ಇಟ್ಟುಕೊಳ್ಳಲು ಎಷ್ಟು ಅಂತ ಕೇಳಿ. ಮೊದಲ ದಿನ, ಕೊನೆಯ ದಿನ ಎರಡಕ್ಕೂ ಸೇರಿಸಿ 2 ಸಾವಿರ ಬೇರೆ ಇಟ್ಟಿದ್ದೇನೆ.

ಊರಿನ ಖರ್ಚು ಇನ್ನೂ ಇದೆ. ಮನೆಯಲ್ಲಿ ಹಸು ಇದ್ದರೆ ನಾಲ್ಕು ದಿನ ಹಾಲು ಕರೆದು ಮೇವು ಹಾಕುವವರಿಗೆ ಏನಾದರೂ ಕೊಡಬೇಕು. ಹೊರಡುವ ಮುಂಚೆ ಮಕ್ಕಳಿಗೆ ಹೊಸ ಶೂ, ಒಂದು ಟ್ರಾಲಿ ಬ್ಯಾಗು. ಬಂದ ಮೇಲೆ ಅಕ್ಕಪಕ್ಕದವರಿಗೆ, ನೆಂಟರಿಗೆ ಹಂಚಲು ಏನಾದರೂ ತರಲೇಬೇಕು, ಬರಿಗೈಯಲ್ಲಿ ಬಂದರೆ ಆಗುತ್ತದಾ? ಇದಕ್ಕೆಲ್ಲ 5 ಸಾವಿರ.

ಈಗ ಕೂಡಿಸಿ. ಕಾರಿಗೆ 10 ಸಾವಿರ, ಹಾಸಿಗೆಗೆ 3, ಮೊದಲ ಮತ್ತು ಕೊನೆಯ ದಿನಕ್ಕೆ 2, ಊರಿನ ಖರ್ಚಿಗೆ 5. ಒಟ್ಟು 20 ಸಾವಿರ. ನೀವು ಇಟ್ಟಿರುವ ದಿನದ 5 ಸಾವಿರ ಊಟ, ಮೆಟ್ರೋ, ಟಿಕೆಟ್ಟಿಗೆ ಸಾಕಾಗುತ್ತದೆ, ಎಲ್ಲ ಕಡೆ ಟ್ಯಾಕ್ಸಿ ಹಿಡಿಯದಿದ್ದರೆ. ಉಳಿದ 8 ಸಾವಿರ ಜ್ವರಕ್ಕೆ, ವಿಮಾನ ತಡವಾದದ್ದಕ್ಕೆ, ಕಳೆದುಹೋದ ಚಾರ್ಜರ್‌ಗೆ. ಇದನ್ನು ಬೇರೆ ಖಾತೆಯಲ್ಲಿ ಇಡಿ. ಕೈಗೆ ಸಿಗುವ ಜಾಗದಲ್ಲಿ ಇಟ್ಟರೆ ಅದು ಜುಹೂ ಬೀಚಿನ ಪಾವ್ ಭಾಜಿ ಆಗುತ್ತದೆ.

ಚಿಲ್ಲರೆ ಖರ್ಚಿಗೆ ನಾನು ಹೇಳುವ ಉಪಾಯ ಯುಪಿಐ ಲೈಟ್, ಅಂದರೆ ಫೋನಿನ ಯುಪಿಐ ಆಪ್‌ನಲ್ಲೇ ಇರುವ ಚಿಕ್ಕ ಪರ್ಸು. ದಿನಾ ಬೆಳಗ್ಗೆ ಅದಕ್ಕೆ 2 ಸಾವಿರ ಹಾಕಿ. ಒಂದು ಸಲಕ್ಕೆ ಸಾವಿರದ ತನಕ ಪಿನ್ ಇಲ್ಲದೆ ಕೊಡಬಹುದು, ಒಟ್ಟು 5 ಸಾವಿರದ ತನಕ ಇಟ್ಟುಕೊಳ್ಳಬಹುದು. ನೀರು, ಟೀ, ಐಸ್‌ಕ್ರೀಮ್, ಮೆಟ್ರೋ ಎಲ್ಲ ಅದರಲ್ಲೇ. ಮಧ್ಯಾಹ್ನಕ್ಕೇ ಖಾಲಿಯಾದರೆ ಸಂಜೆ ಏನು ಬಿಡಬೇಕು ಅಂತ ಗೊತ್ತಾಗುತ್ತದೆ. ನಗದು ಊರಿನಲ್ಲೇ ತೆಗೆದುಕೊಂಡು ಹೋಗಿ. ಬೇರೆ ಬ್ಯಾಂಕಿನ ಎಟಿಎಂ ಮಂಡ್ಯದಲ್ಲಿ ತಿಂಗಳಿಗೆ 5 ಸಲ ಉಚಿತ, ಮುಂಬೈನಂಥ ಮೆಟ್ರೋ ನಗರದಲ್ಲಿ 3 ಸಲ ಮಾತ್ರ. ಆಮೇಲೆ ಪ್ರತಿ ಸಲಕ್ಕೆ 23 ರೂಪಾಯಿ ತನಕ, ಮೇಲೆ ತೆರಿಗೆ. ಬ್ಯಾಲೆನ್ಸ್ ನೋಡಿದ್ದೂ ಲೆಕ್ಕಕ್ಕೆ ಬರುತ್ತದೆ.

ಇವತ್ತೇ ಮಾಡಬೇಕಾದ್ದು ಹೋಟೆಲಿಗೆ ಒಂದು ಫೋನು. ಐದು ಜನ ಅಂತ ಹೇಳಿ, ಹಾಸಿಗೆಗೆ ಎಷ್ಟು ಕೇಳಿ. ಶುಕ್ರವಾರ ಬೆಳಗ್ಗೆ ಒಂಬತ್ತಕ್ಕೆ ಬರುತ್ತೇವೆ, ಸೋಮವಾರ ಸಂಜೆ ತನಕ ಬ್ಯಾಗು ಇಡುತ್ತೇವೆ ಅಂತಲೂ ಹೇಳಿ. ಅವರು ಸರಿ ಅಂದದ್ದನ್ನೆಲ್ಲ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಫೋನಿನಲ್ಲಿ ಹೂಂ ಅಂದವರು ನೀವು ಹೋದ ದಿನ ಡ್ಯೂಟಿಯಲ್ಲಿ ಇರುವುದಿಲ್ಲ.